ಆಹೇರಿ ಸೀರಿ, ಫುಕಟ್ ವಿಮಾನ

ಕ್ರೆಡಿಟ್ ಕಾರ್ಡಿನ ಮಾತು ತಗದ್ರ ನನಗ ಈಗಲೂ ಮೈಯೆಲ್ಲ ಉರೀತದ. ಮೊನ್ನೆ ಯಾದಗಿರಿ ಸ್ಟೇಷನ್ನಿನಾಗ ಟೈ ಕಟ್ಟಿದಾಂವ ಒಬ್ಬ “ಮೇಡಂ, ಫ್ರೀ ಕಾರ್ಡ್ ಅದರಿ” ಅಂತ ಅಡ್ಡ ಬಂದ. “ಸರಿ ಅತ್ತಾಗ!” ಅಂದೆ. ಜೋರಾಗೇ ಅಂದೆ, ಅಂವ ಬ್ಯಾಗ್ ಎದಿಗವಚಿಕೊಂಡು ಹಿಂದ ಸರದ. ಪಾಪ, ಅವಂದೇನೂ ತಪ್ಪಿಲ್ಲ. ತಪ್ಪು ಮಾಡಿದವ್ರು ಕೈಗೆ ಸಿಗಂಗಿಲ್ಲ, ಅವ್ರ ಮಾರಿ ಸಹಿತ ನಾ ನೋಡಿಲ್ಲ. ಅದಕ್ಕ ನನ್ನ ಸಿಟ್ಟು ಎದುರಿಗೆ ಬಂದವ್ರ ಮ್ಯಾಲ ಹೋಗ್ತದ.

ನಾ ಯಾದಗಿರಿಯ ಒಂದು ಸರ್ಕಾರಿ ಕಚೇರಿಯಾಗ ಕ್ಲರ್ಕ್ ಅದೀನಿ. ಮನಿ ಶಹಾಪುರದಾಗ, ದಿನಾ ಬಸ್ಸಿನಾಗ ಹೋಗಿ ಬರ್ತೀನಿ. ತವರುಮನಿ ಸುರಪುರದ ಕಡಿ, ಬೋನಾಳ ಕೆರಿ ದಾಟಿದ ಮ್ಯಾಲ ಬರೋ ಸಣ್ಣ ಊರು. ಅಲ್ಲಿ ನಮ್ಮಕ್ಕ ಅದಾಳ. ಅವ್ವ ಸತ್ತಾಗ ನಾ ಇನ್ನೂ ಸಾಲಿ ಮೆಟ್ಟಲಾ ಹತ್ತಿದ್ದಿಲ್ಲ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರದು, ಮಂದಿ ಹೊಲದಾಗ ಕಳಿ ತಗದು ನನ್ನ ಓದಿಸಿದಾಕಿ ಅಕ್ಕ. ಹಂಗ ಬಗ್ಗಿ ಬಗ್ಗಿ ಆಕಿ ಸೊಂಟ ಹೋಗ್ಯದ.

ಸೊಂಟ ಹೋಗ್ಯದ ಖರೆ, ಆದ್ರ ಕುತ್ತಿಗಿ ಮಾತ್ರ ನೆಟ್ಟಗ ಅದ. ಒಬ್ಬರ ಹಂತೇಲಿ ಒಂದು ಚಹಾ ಸಹಿತ ಸುಮ್ನ ಕುಡಿಯಾಕಿ ಅಲ್ಲ ಆಕಿ. ನನಗ ನೌಕರಿ ಹತ್ತಿದಾಗ ಮೊದಲನೇ ಪಗಾರದಾಗ ಆಕಿ ಕಿವಿಗೆ ಒಂದು ಜೊತಿ ಬೆಂಡವಾಲಿ ಮಾಡಿಸಿ ಒಯ್ದೆ. ತಿರುಗಿ ಬಂದು ಬ್ಯಾಗ್ ತಗದು ನೋಡ್ತೀನಿ, ಡಬ್ಬಿ ಅದರಾಗೇ ಅದ! “ನಾ ನಿನಗ ಓದಿಸಿದ್ದು ಬೆಂಡವಾಲಿ ಸಲುವಾಗೇನ?” ಅಂತ ಆಮ್ಯಾಲ ನನಗೇ ಬೈದ್ಳು. ದವಾಖಾನಿಗೆ ಕರ್ಕೊಂಡು ಹೋದ್ರ ಚೀಟಿ ರೊಕ್ಕ ತಾನೇ ಕೊಡ್ತಾಳ. ಹೆಣ್ಣುಮಕ್ಕಳಿಗೆ ಬಸ್ಸಿನಾಗ ಟಿಕೆಟ್ ಇಲ್ಲ ಅಂತ ಆದಾಗ ಮಾತ್ರ, ಡಾಕ್ಟರ್ ಕೊಟ್ಟ ಸೊಂಟಪಟ್ಟಿ ಬಿಗದು ಖುಷಿಲೆ ಹತ್ತಿರದ ಊರಿಗೆ ತಿರಗಾಕ ಹತ್ತಿದ್ಳು. ಸರ್ಕಾರ ಎಲ್ಲಾರಿಗೂ ಕೊಡ್ತದ, ಅದರಾಗ ಒಬ್ಬರ ಹಂಗಿಲ್ಲ ಅಂತ ಆಕಿ ಲೆಕ್ಕ. ಫುಕಟ್ ಇದ್ರ ನಡೀತದ, ನನ್ನ ಕಿಸೆದಿಂದ ಬಂದ್ರ ನಡಿಯಂಗಿಲ್ಲ.

ನಮ್ಮ ಮಂದಿ ಬುದ್ಧನ ದಾರಿ ಹಿಡದವ್ರು. ಊರಾಗ ಒಂದು ವಿಹಾರ ಅದ. ವಿಹಾರ ಅಂದ್ರ ದೊಡ್ಡದೇನಲ್ಲ, ಪತ್ರಾಸ್ ತಗಡು ಹೊದಿಸಿದ ಒಂದು ಖೋಲಿ, ಒಳಗೊಂದು ಮೂರ್ತಿ. ಪ್ರತಿ ಆಯಿತವಾರ ಅದನ್ನ ಗುಡಿಸಿ ಸಾರಿಸೋದು ಅಕ್ಕನ ಕೆಲಸ; ಯಾರೂ ಹೇಳಿಲ್ಲ, ಆಕಿನೇ ಹಿಡದಾಳ. ಒಂದು ವರ್ಷ ವಿಹಾರದ ಮಂದಿಯೆಲ್ಲ ಕೂಡಿ ಬುದ್ಧಗಯಾಕ ಹೊಂಟ್ರು, ರೈಲಿನಾಗ. ಅಕ್ಕನ ಸೊಂಟಕ್ಕ ಸುರಪುರತನಕ ಟಂಟಂನಾಗ ಹೋಗೋದೇ ಜಡ. ಅಷ್ಟು ದೂರ ಕುಂತು ಹೋಗೋ ಮಾತೇ ಬ್ಯಾಡ ಅಂತ ಡಾಕ್ಟರ್ ಸಾಫ್ ಹೇಳಿದ್ರು. ಎಲ್ಲಾರೂ ಹೋದ ಮ್ಯಾಲ ಆಯಿತವಾರ ನಾ ಊರಿಗೆ ಹೋದ್ರ ಆಕಿ ಒಬ್ಬಾಕೇ ವಿಹಾರ ಗುಡಿಸಿ, ಒಬ್ಬಾಕೇ ಮೇಣಬತ್ತಿ ಹಚ್ಚಿ ಕುಂತಿದ್ಳು. “ನನ್ನೊಬ್ಬಾಕಿನ್ನ ಬಿಟ್ಟು ಊರಿಗೆ ಊರೇ ಹೋತು ನೋಡವ್ವ” ಅಂದ್ಳು. ನಕ್ಕೋತ ಅಂದ್ಳು, ಆದ್ರ ಕಣ್ಣಾಗ ನೀರಿತ್ತು. ಅಕ್ಕ ಅತ್ತಿದ್ದು ನಾ ಅವತ್ತೇ ನೋಡಿದ್ದು.

“ವಿಮಾನದಾಗ ಹೋಗೂಣು ನಡಿ ಅಕ್ಕಾ. ಹೈದರಾಬಾದಿನಿಂದ ಪಾಟ್ನಾಕ್ಕ ಎರಡು ತಾಸಿನ ಮಾತು. ಅಲ್ಲಿಂದ ಕಾರ್ ಮಾಡ್ತೀನಿ, ಹಿಂದಿನ ಸೀಟಿನಾಗ ಮಲಕೊಂಡು ಬಾ” ಅಂದೆ.

“ಹುಚ್ಚಿ ಅದಿಯೇನ? ಮಗಳ ಲಗ್ನ ಮಾಡಾಕಿ ಅದಿ ನೀ. ನನ್ನ ಸಲುವಾಗಿ ವಿಮಾನಕ್ಕ ರೊಕ್ಕ ಸುರೀತಿ? ಯಾರರ ಫುಕಟ್ ಕರ್ಕೊಂಡು ಹೋದ್ರ ಬರ್ತೀನಿ. ನಿನ್ನ ರೊಕ್ಕದಾಗ ಒಂದು ಹೆಜ್ಜಿ ಇಡಂಗಿಲ್ಲ” ಅಂದ್ಳು. ಆಕಿ ಒಮ್ಮೆ ಅಂದ್ಳಂದ್ರ ಮುಗೀತು.

ಆ ಮಾತು ನನ್ನ ತಲ್ಯಾಗ ಕುಂತಿತ್ತು. ಅದಕ್ಕೇ ಒಂದು ಬ್ಯಾಂಕಿನ ಏಜೆಂಟ್ ನಮ್ಮ ಕಚೇರಿಗೆ ಬಂದು “ಮೇಡಂ, ಇದು ವಿಮಾನದ ಕಾರ್ಡ್ ಅದರಿ” ಅಂದಾಗ ಫೈಲ್ ಮುಚ್ಚಿ ಕೇಳಿದೆ. ವಿಮಾನ ಕಂಪನಿಯವ್ರು ತಮ್ಮ ಖಾಯಂ ಗಿರಾಕಿಗಳಿಗೆ ಮೈಲು ಅಂತ ಪಾಯಿಂಟ್ ಕೊಡ್ತಾರಂತ. ವಿಮಾನ ಹತ್ತಿದಷ್ಟೂ ಅವು ಕೂಡ್ಕೋತ ಹೋಗ್ತಾವ, ಸಾಕಷ್ಟು ಕೂಡಿದ್ರ ಟಿಕೆಟ್ ಅದರಾಗೇ ಸಿಗ್ತದ. ವಿಮಾನದ ಮೆಟ್ಟಲಾ ತುಳಿಯಲಾರದ ನಮ್ಮಂಥವ್ರಿಗೆ ಈ ಕಾರ್ಡ್. ತಗೊಂಡ ಮೊದಲ ಮೂರು ತಿಂಗಳಾಗ ಇಷ್ಟು ಖರ್ಚು ಅಂತ ಅದರ ಮ್ಯಾಲ ಮಾಡಿ ತೋರಿಸಿದ್ರ, ಸೇರಿದ್ದಕ್ಕ ಬೋನಸ್ ಅಂತ ಒಮ್ಮೆಲೇ ಗಂಟು ಮೈಲು ಹಾಕ್ತಾರ. “ಇಬ್ಬರು ಪಾಟ್ನಾಕ್ಕ ಹೋಗಿ ಬರೋವಷ್ಟು ಆಗ್ತಾವೇನಪ್ಪ?” ಅಂದೆ. “ಆರಾಮ್ ಆಗ್ತಾವ್ರಿ ಮೇಡಂ. ಟ್ಯಾಕ್ಸ್ ಅಷ್ಟ ಕಟ್ರಿ, ಟಿಕೆಟ್ ಫುಕಟ್” ಅಂದ. ಆ ಫುಕಟ್ ಅನ್ನೋ ಮಾತು ಕೇಳಿ ನನ್ನ ಕಿವಿ ನಿಮಿರಿದ್ವು.

ನಾ ದಡ್ಡಿ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಇಷ್ಟು ವರ್ಷ ಸುತ್ತೋಲಿ, ಆದೇಶ, ತಿದ್ದುಪಡಿ ಓದ್ಕೋತ ಬಂದಾಕಿ. ಅವ್ರ ಷರತ್ತಿನ ಕಾಗದ ಇರುವಿ ಅಕ್ಷರದಾಗಿತ್ತು. ಅದನ್ನ ಪೂರಾ ಓದಿದೆ, ಓದಿದ ಮ್ಯಾಲೇ ಸಹಿ ಮಾಡಿದೆ. ‘ವ್ಯಾಪಾರದ ಉದ್ದೇಶಕ್ಕ ಬಳಸಬಾರದು’ ಅಂತ ಒಂದು ಸಾಲು ಇತ್ತು. ನಾ ಏನು ಅಂಗಡಿ ಇಟ್ಟೀನಾ? ಅಂಗಡಿಯವ್ರಿಗೆ ಬರದದ್ದು ಇದು ಅಂತ ಮುಂದ ಹೋದೆ.

ಮಗಳ ಲಗ್ನಕ್ಕ ಅಂತ ವರ್ಷಗಟ್ಟಲೆ ಕೂಡಿಸಿದ ರೊಕ್ಕ ನನ್ನ ಖಾತ್ಯಾಗಿತ್ತು. ಜವಳಿ ಅಂಗಡ್ಯಾಗ ರೊಕ್ಕ ಎಣಿಸೋ ಬದಲು ಕಾರ್ಡ್ ತಿಕ್ಕೋದು, ಬಿಲ್ ಬಂದ ಕೂಡ್ಲೆ ಪೂರಾ ಕಟ್ಟೋದು. ಸಾಲ ಇಲ್ಲ, ಬಡ್ಡಿ ಇಲ್ಲ. ಹೆಂಗೂ ಆಗೋ ಖರ್ಚು, ಅದರ ಮ್ಯಾಲ ಅಕ್ಕಗ ವಿಮಾನ. ಈ ಲೆಕ್ಕದಾಗ ಎಲ್ಲಿ ತಪ್ಪದ ಹೇಳ್ರಿ? ನನಗಂತೂ ಈಗಲೂ ಕಾಣವಲ್ತು.

ಅಕ್ಕಗ ಒಪ್ಪಿಸೋದು ಮಾತ್ರ ಸಸಾರ ಇದ್ದಿದ್ದಿಲ್ಲ. “ಯಾರ ಕಿಸೆದ್ದು ಅದು?” ಅಂದ್ಳು. ಯಾರದೂ ಅಲ್ಲ, ಕಂಪನಿದು ಅಂದೆ. “ಕಂಪನಿಯವ್ರು ನಿನಗೇನು ಸಂಬಂಧಿಕರಾ, ಸುಮ್ ಸುಮ್ನ ಕೊಡಾಕ?” ಅಂದ್ಳು. ಕಾರ್ಡ್ ತಿಕ್ಕಿದಾಗೊಮ್ಮೆ ಅಂಗಡಿಯವರ ಕಡಿಂದ ಅವ್ರಿಗೆ ಒಂದಿಷ್ಟು ಹೋಗ್ತದ, ಅದರಾಗಿಂದೇ ನಮಗ ಕೊಡ್ತಾರ ಅಂತ ಬಿಡಿಸಿ ಹೇಳಿದೆ. ಆಕಿ ಎಲಿ ಅಡಿಕಿ ಹಾಕ್ಕೊಂಡು ಸ್ವಲ್ಪ ಹೊತ್ತು ವಿಚಾರ ಮಾಡಿದ್ಳು. “ಹಂಗಾದ್ರ ಅದು ಕೊಸರು. ಸಂತ್ಯಾಗ ಕಾಯಿಪಲ್ಲೆ ತೂಗಿದ ಮ್ಯಾಲ ಒಂದು ಹಿಡಿ ಹೆಚ್ಚಿಗೆ ಹಾಕ್ತಾರಲ್ಲ, ಹಂಗ. ಕೊಸರು ತಗೊಂಡ್ರ ತಪ್ಪಿಲ್ಲ. ಬರ್ತೀನಿ ನಡಿ” ಅಂದ್ಳು. ಆಕಿ ಒಪ್ಪಿದ್ದಕ್ಕ ನನಗ ಆದ ಖುಷಿ ಮಗಳ ಲಗ್ನ ಗೊತ್ತಾದಾಗಲೂ ಆಗಿದ್ದಿಲ್ಲ.

ನಮ್ಮ ಕಡಿ ಲಗ್ನ ಅಂದ್ರ ಮೊದಲ ಜವಳಿ, ಜವಳಿ ಅಂದ್ರ ಆಹೇರಿ. ಬಂದ ಬಳಗದ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿ ಸೀರಿ ಕೊಡಬೇಕು. ಅದಕ್ಕೂ ಒಂದು ಕಾಯ್ದೆ ಅದ, ಅದು ಯಾವ ಬ್ಯಾಂಕಿನ ಷರತ್ತಿಗೂ ಕಡಿಮಿ ಇಲ್ಲ. ಒಂದೇ ವರಸಿಯವ್ರಿಗೆ ಒಂದೇ ಕಿಮ್ಮತ್ತಿನ ಸೀರಿ. ಒಬ್ಬ ಚಿಗವ್ವಗ ಝರಿ ಅಂಚಿಂದು, ಇನ್ನೊಬ್ಬ ಚಿಗವ್ವಗ ಸಾದಾ ಕೊಟ್ಟಿರೋ, ಊಟದ ಪಂಕ್ತ್ಯಾಗೇ ಸೀರಿ ಹಾರಿ ಬರ್ತದ. ಅದಕ್ಕ ಶಾಣ್ಯಾರು ಏನು ಮಾಡ್ತಾರ, ಹೋಲ್‌ಸೇಲ್ ಅಂಗಡಿಗೆ ಹೋಗಿ ಒಂದೇ ನಮೂನಿ ಸೀರಿ ಗಂಟುಗಟ್ಟಲೆ ತರ್ತಾರ. ಬಣ್ಣ ಬ್ಯಾರೆ, ಅಂಚು ಒಂದೇ. ನಾವೂ ಹಂಗೇ ಒಂದು ಕ್ರೂಸರ್ ತುಂಬ ಹೆಣ್ಣುಮಕ್ಕಳು ಹೋದಿವಿ. ದಿನಪೂರ್ತಿ ಕುಂತು ಆರಿಸಿದಿವಿ. ಅಂಗಡಿ ಮಾಲಕ ಎಲ್ಲಾ ಕೂಡಿಸಿ ಒಂದೇ ಬಿಲ್ ಮಾಡಿದ, ನಾ ಕಾರ್ಡ್ ಕೊಟ್ಟೆ, ಮಷಿನ್ ಕುಂಯ್ ಅಂತು. ಅಲ್ಲೇ ನಿಂತಿದ್ದ ಅಕ್ಕ ಮಷಿನ್ ಕಡಿ ಬಗ್ಗಿ ನೋಡಿ “ಆತೇನ, ಬಂತೇನ ವಿಮಾನ?” ಅಂದ್ಳು. ಇಡೀ ಅಂಗಡಿ ನಕ್ಕಿತು.

ಲಗ್ನ ಆತು. ಸೀರಿ ಹಂಚಿದ್ದಾತು. ಕಾರ್ಡಿನ ಬಿಲ್ ಬಂದ ದಿನಾನೇ ಕಟ್ಟಿದೆ. ಆಮ್ಯಾಲ ಮೈಲು ಬರೋದು ಕಾಯ್ಕೋತ ಕುಂತೆ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡೋಳು, “ಬಂದ್ವೇನ?” ಅಂತ. ಬರ್ತಾವ ಬರ್ತಾವ ಅಂದೆ. ಬಂತು, ಮೈಲು ಅಲ್ಲ, ಮೇಲ್. ನಿಮ್ಮ ಖರ್ಚು ವ್ಯಾಪಾರದ ಸ್ವರೂಪದ್ದು ಅಂತ ಕಂಡುಬಂದದ, ಆದ್ದರಿಂದ ಬೋನಸ್ ರದ್ದು ಮಾಡೀವಿ.

ಕಚೇರಿಯಾಗೇ ಓದಿದೆ. ಓದಿ, ಮತ್ತ ಓದಿ, “ಇವ್ರ ಹೆಣಾ ಎತ್ಲಿ” ಅಂದೆ. ಪಕ್ಕದ ಟೇಬಲಿನವ್ರು ಯಾರಿಗ್ರಿ ಅಂದ್ರು. ಫೋನ್ ತಗೊಂಡು ಹೊರಗ ಎದ್ದು ಬಂದೆ.

ಫೋನ್ ಹಚ್ಚಿದೆ. ಕನ್ನಡಕ್ಕ ಇಂಥ ನಂಬರ್ ಒತ್ತರಿ ಅಂತದ, ಒತ್ತಿದ್ರ ಹಾಡು ಹಚ್ಚಿ ಬಿಡ್ತದ. ಬಸ್ ಸ್ಟ್ಯಾಂಡಿನಾಗ ನಿಂತು ಆ ಹಾಡು ಕೇಳಿದೆ, ಬಸ್ ಹತ್ತಿ ಕೇಳಿದೆ, ಭೀಮಾ ಹೊಳಿ ದಾಟಿದ್ರೂ ಹಾಡು ಮುಗೀಲಿಲ್ಲ. ಕಡೀಕ ಹಿಂದಿ ಒತ್ತಿದೆ, ಒಬ್ಬಾಂವ ಬಂದ. ಬಿಲ್ ಕಳಿಸ್ರಿ ಅಂದ, ಕಳಿಸಿದೆ. ಮರುದಿನ ಅವನೇ ಏನೋ, ಇನ್ನೊಬ್ಬನೇ ಏನೋ, “ಮೇಡಂ, ಒಬ್ಬ ಮನುಷ್ಯಾಗ ಒಂದೇ ನಮೂನಿ ಇಷ್ಟು ಸೀರಿ ಯಾಕ ಬೇಕು?” ಅಂದ.

“ಒಬ್ಬಾಕಿಗಲ್ಲಪ್ಪ. ಲಗ್ನಕ್ಕ. ಬಳಗಕ್ಕ ಕೊಡಾಕ.”

“ಗಿಫ್ಟ್ ಅಂದ್ರೂ ಒಂದೇ ನಮೂನಿ ಯಾಕ?”

ಈಗ ಇವಗ ನಾ ಹಿಂದಿಯಾಗ ವರಸಿ ತಿಳಿಸಬೇಕಂತ! ಚಿಗವ್ವ ಯಾರು, ದೊಡ್ಡವ್ವ ಯಾರು, ಒಬ್ಬಾಕಿಗೆ ಹೆಚ್ಚು ಒಬ್ಬಾಕಿಗೆ ಕಡಿಮಿ ಆದ್ರ ನನ್ನ ಮಗಳ ಲಗ್ನ ಏನಾಗ್ತಿತ್ತು ಅಂತ ಬಸ್ಸಿನಾಗ ನಿಂತು ಒದರಿ ಒದರಿ ಹೇಳಿದೆ. ಬಸ್ಸಿನ ಮಂದಿಗೆಲ್ಲ ತಿಳೀತು, ಕಂಡಕ್ಟರ್ ಸಹಿತ ಹೌದ್ಹೌದು ಅಂತ ಗೋಣು ಹಾಕಿದ. ಅವಗೊಬ್ಬಗೇ ತಿಳೀಲಿಲ್ಲ. “ಮೇಡಂ, ನಮ್ಮ ಸಿಸ್ಟಮ್ ಪ್ರಕಾರ ಇದು ಮಾರಾಟಕ್ಕ ತಗೊಂಡ ಮಾಲು” ಅಂದ. ಸಿಸ್ಟಮ್! ಅದಕ್ಕೊಬ್ಬ ಚಿಗವ್ವ ಇದ್ದಿದ್ರ ಗೊತ್ತಾಗ್ತಿತ್ತು.

ಲಗ್ನಪತ್ರಿಕಿ ಕಳಿಸಿದೆ. ಪತ್ರಿಕಿ ಇದ್ರ ಲಗ್ನ ಆಗ್ಯದ ಅಂತ ಗೊತ್ತಾಗ್ತದ, ಸೀರಿ ಮಾರಿಲ್ಲ ಅಂತ ಗೊತ್ತಾಗಂಗಿಲ್ಲ ಅಂತ ಬರದ್ರು. ಸೀರಿ ಯಾರಿಗೆ ಕೊಟ್ಟೀರೋ ಅವ್ರ ಹಂತೇಲಿ ಅದಾವ ಅನ್ನೋದಕ್ಕ ಫೋಟೋ ಕಳಿಸ್ರಿ ಅಂದ್ರು. ನನ್ನ ತಲಿ ಕೆಟ್ಟು ಮಸರಾತು. ಹುಟ್ಟಿದಾಗಿಂದ ನಾವು ಸಾಬೀತು ಮಾಡ್ಕೋತಲೇ ಬಂದೀವಿ. ಸಾಲಿಗೆ ಹೋಗಾಕ ಜಾತಿ ಸಾಬೀತು ಮಾಡು, ಫೀ ಮಾಫಿಗೆ ಬಡತನ ಸಾಬೀತು ಮಾಡು, ನಿಂತ ನೆಲದ ಮ್ಯಾಲೇ ನಿಂತೀನಿ ಅಂತ ಸಾಬೀತು ಮಾಡು. ಆ ಪ್ರಮಾಣಪತ್ರದ ಅರ್ಜಿ ದಿನಾ ನನ್ನ ಕೈಯಾಗೇ ಹಾದು ಹೋಗ್ತಾವ, ಅದರ ಸಂಕಟ ನನಗ ಗೊತ್ತು. ಈಗ ನನ್ನ ಮಗಳ ಲಗ್ನದಾಗ ಉಡಿ ತುಂಬಿ ಕೊಟ್ಟ ಸೀರಿಗೂ ಸಾಬೀತು. ನಮ್ಮಂಥಾಕಿ ಒಂದು ದಿನ ಕೈ ಬಿಚ್ಚಿ ಖರ್ಚು ಮಾಡಿದ್ಳಂದ್ರ ಅದು ಆಕಿ ಮನಿ ಸಂಭ್ರಮ ಅಲ್ಲ, ಏನೋ ಕಳ್ಳ ವ್ಯಾಪಾರ ಅಂತ ಇವ್ರ ತಲ್ಯಾಗ.

“ಬಿಟ್ಟುಬಿಡು ಅತ್ತಾಗ” ಅಂದ್ರು ನಮ್ಮ ಮನಿಯವ್ರು. “ನೀವೂ ಅವ್ರ ಪಾರ್ಟಿಯೇನ್ರಿ?” ಅಂತ ಅವ್ರ ಮ್ಯಾಲೇ ಹೋದೆ. ಅವ್ರು ಪೇಪರ್ ತಗೊಂಡು ಹೊರಗ ಹೋಗಿ ಕುಂತ್ರು.

ಇಷ್ಟಕ್ಕೂ ಕೊಟ್ಟ ಆಹೇರಿ ಬಗ್ಗಿ ತಿರುಗಿ ಕೇಳೋದಂದ್ರ ನಮ್ಮಲ್ಲಿ ಮಾನಗೇಡಿ ಕೆಲಸ. ಕೊಟ್ಟ ಮ್ಯಾಲ ಮುಗೀತು. ಅದನ್ನ ಅವ್ರು ಉಡ್ತಾರೋ ಬಿಡ್ತಾರೋ, ಬಾಯಿ ಬಿಡಬಾರದು. ನಾ ಯಾವ ಬಾಯಿಲೆ ಕೇಳ್ಲಿ? ಅಕ್ಕಗ ಹೇಳಿದೆ, ನಿನ್ನ ಕೊಸರು ಹೋತು ಅಂತ. ಆಕಿ “ಯಾಕ ಹೋಗ್ತದ? ಸಂತಿ ಮುದುಕಿ ಸಹಿತ ಹಾಕ್ತೀನಂದ ಕೊಸರು ಹಾಕ್ತಾಳ. ಬಳಗದವ್ರಿಗೆ ನಾ ಕೇಳ್ತೀನಿ, ನೀ ಫೋಟೋ ಹೊಡಿ” ಅಂದ್ಳು. ಜಲ್ಮದಾಗ ಯಾರ ಹಂತೇಲೂ ಏನೂ ಬೇಡಲಾರದಾಕಿ ಹಂಗಂದ್ಳು. ಬುದ್ಧಗಯಾಕ ಹೋಗೋ ಆಸೆ ಆಕಿಗೆ ಎಷ್ಟಿತ್ತು ಅಂತ ನನಗ ಅವಾಗ ಗೊತ್ತಾತು.

ಒಂದು ಆಯಿತವಾರ ಎಲ್ಲಾರನೂ ವಿಹಾರದ ಮುಂದ ಕೂಡಿಸಿದ್ಳು. ಬಂದ್ರು ತಾಯಿ, ಎಲ್ಲಾರೂ ಬಂದ್ರು. ಬ್ಯಾಂಕಿನವ್ರಿಗೆ ಬೈಕೋತ ಬಂದ್ರು. ಆದ್ರ ಸೀರಿ? ಅರ್ಧಕ್ಕರ್ಧ ಸೀರಿ ಇಲ್ಲೇ ಇಲ್ಲ! ಇದು ನನಗ ಮೊದಲೇ ಹೊಳೀಬೇಕಿತ್ತು. ಆಹೇರಿ ಸೀರಿ ಯಾರು ಉಡ್ತಾರ? ಮಡಿಕಿ ಮುರೀಲಾರದ ಟ್ರಂಕಿನಾಗ ಇಟ್ಟು, ಮುಂದಿನ ಲಗ್ನಕ್ಕ ಇನ್ನೊಬ್ಬರಿಗೆ ದಾಟಿಸೋದು ನಮ್ಮ ಪದ್ಧತಿ. ನಾನೂ ಎಷ್ಟು ದಾಟಿಸೀನಿ. ಒಂದು ವನದುರ್ಗದಾಗ ಯಾರೋ ಬಸುರಿ ಹೆಣ್ಣುಮಗಳ ಕುಬಸಕ್ಕ ಹೋಗಿತ್ತು, ಒಂದು ತಿಂಥಣಿ ಬೀಗರ ಮನಿಗೆ, ಒಂದು ಎಲ್ಲೆಲ್ಲೋ ತಿರುಗಿ ನನ್ನ ಮಗಳ ಅತ್ತಿ ಮನಿಗೇ ಮುಟ್ಟಿತ್ತು. ನಮ್ಮಕ್ಕ ಕಾಣಲಾರದ ಊರೆಲ್ಲ ಆ ಸೀರಿಗಳು ಕಂಡು ಬಂದಿದ್ದವು. ನನ್ನ ಮುಂದ ಅದನ್ನ ಒಪ್ಪಿಕೋಬೇಕಾಗಿ ಬಂತಲ್ಲ ಅಂತ ಚಿಗವ್ವಂದಿರ ಮಾರಿ ಸಣ್ಣ ಆಗಿದ್ವು. ನಾ ನಗಾಡಿ ಬಿಟ್ಟೆ. ಆದ್ರ ನಮ್ಮ ಹೆಣ್ಣುಮಕ್ಕಳ ಟ್ರಂಕ್ ತಗಸಿ ನೋಡೋ ಹಕ್ಕು ಈ ಬ್ಯಾಂಕಿನವ್ರಿಗೆ ಯಾರು ಕೊಟ್ಟಾರ?

ಇದ್ದವ್ರು ಸೀರಿ ಉಟ್ಕೊಂಡು ನಿಂತ್ರು. ಇಲ್ಲದವ್ರು ಇದ್ದ ಸೀರಿಯಾಗೇ ನಿಂತ್ರು. ಯಾರೋ ಒಬ್ಬಾಕಿ ನಗಬೇಕೋ ಬ್ಯಾಡೋ ಅಂತ ಕೇಳಿದ್ಳು. “ನಗಬ್ಯಾಡ, ಅವ್ರಿಗೆ ಸಿಟ್ಟಿನ ಮಾರಿ ತೋರ್ಸು” ಅಂದ್ಳು ಅಕ್ಕ. ಹಂಗೇ ಹೊಡದು ಕಳಿಸಿದೆ, ನಡದದ್ದು ನಡದಂಗ ಬರದೆ. ಉತ್ತರ ಏನು ಗೊತ್ತದೇನ್ರಿ? ಬಿಲ್ಲಿನಾಗಿನ ಸೀರಿಗೂ ಫೋಟೋದಾಗಿನ ಸೀರಿಗೂ ತಾಳ ಆಗಂಗಿಲ್ಲ, ಉಳದದ್ದು ಮಾರಾಟ ಆಗ್ಯದ ಅಂತ ಸ್ಪಷ್ಟ ಅದ.

ನಾ ಫೋನ್ ಹಿಡಕೊಂಡು ಬೈಯಾಕ ನಿಂತಿದ್ದೆ, ಅಕ್ಕ ಕಸಕೊಂಡ್ಳು. ಆ ಕಡಿ ಒಬ್ಬ ಹುಡುಗಿ ಇದ್ಳು. ಅಕ್ಕಗ ನಮ್ಮ ಕಡಿ ಉರ್ದು ಛಲೋ ಬರ್ತದ. ಹತ್ತಿ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ಲಿನಾಗ ದುಡದಾಗ ಸಾಬರ ಹೆಣ್ಣುಮಕ್ಕಳ ಜೋಡಿ ಕಲ್ತಾಳ. ಬೈತಾಳ ಅನ್ಕೊಂಡಿದ್ದೆ. ಆಕಿ “ಊಟ ಆತೇನವ್ವ?” ಅಂತ ಶುರು ಮಾಡಿದ್ಳು. ಇಲ್ಲ ಅಂತು ಆ ಹುಡುಗಿ. ಬ್ರೇಕ್ ಇನ್ನೂ ಬಂದಿಲ್ಲ ಅಮ್ಮಾ ಅಂತು. ಅಕ್ಕ ಸೊಂಟದ್ದು ಹೇಳಿದ್ಳು, ರೈಲಿಂದು ಹೇಳಿದ್ಳು, ಬುದ್ಧಗಯಾದ ಹೆಸರು ಹೇಳಿದ್ಳು. ಆಮ್ಯಾಲ ಕೇಳಿದ್ಳು, “ನೀ ವಿಮಾನದಾಗ ಕುಂತಿಯೇನವ್ವ?”

ಸ್ಪೀಕರ್ ಹಾಕಿದ್ದೆ ನಾ.

“ಇಲ್ಲ ಅಮ್ಮಾ. ಯಾವತ್ತೂ ಕುಂತಿಲ್ಲ.”

“ದಿನಾ ವಿಮಾನ ಹಂಚ್ತಿ, ನಿನಗೊಂದು ಕೊಟ್ಟಿಲ್ಲೇನ ಅವ್ರು? ಥೂ!” ಅಂದ್ಳು ಅಕ್ಕ. ಆ ಹುಡುಗಿ ನಕ್ಕಿತು. ನಿಮ್ಮದು ಮ್ಯಾಲಿನವ್ರಿಗೆ ಕಳಿಸ್ತೀನಮ್ಮಾ, ನನ್ನ ಕೈಲೆ ಆದದ್ದು ಬರೀತೀನಿ ಅಂತು. ಫೋನ್ ಇಟ್ಟ ಅಕ್ಕ “ಆತು ನೋಡು. ಹುಡುಗಿ ಮಾಡಿ ಕೊಡ್ತಾಳ” ಅಂದ್ಳು. ನಾ ಗೋಡಿ ಕಡಿ ಮಾರಿ ಮಾಡಿದೆ.

ಅವತ್ತಿನಿಂದ ಆಕಿ ತಯಾರಿಗೆ ಹತ್ತಿದ್ಳು. ಬಿಳಿ ಸೀರಿ ಒಗದು ಗಂಜಿ ಹಾಕಿದ್ಳು. ಊರಾಗ ಎಲ್ಲಾರಿಗೂ ಹೇಳಿದ್ಳು. ವಿಮಾನದಾಗ ಸೊಂಟಪಟ್ಟಿ ಬಿಡ್ತಾರೇನು ಅಂತ ನನಗ ಫೋನ್ ಮಾಡಿ ಕೇಳಿದ್ಳು. ಬಿಡ್ತಾರ ಅಂದೆ. ಅದೇ ವಾರ ಕಡೀ ಮೇಲ್ ಬಂತು. ಪರಿಶೀಲಿಸಲಾಗಿದೆ, ನಿರ್ಧಾರ ಅಂತಿಮ, ಈ ವಿಷಯದಾಗ ಇನ್ನ ಪತ್ರವ್ಯವಹಾರ ಇಲ್ಲ. ಇಂಥಾ ಸಾಲು ನಾನೇ ಎಷ್ಟು ಟೈಪ್ ಮಾಡೀನಿ ಕಚೇರಿಯಾಗ. ಇನ್ನೊಬ್ಬರ ಎದಿ ಮ್ಯಾಲ ಅದು ಹೆಂಗ ಬೀಳ್ತದ ಅಂತ ಅವತ್ತ ಓದಿದಾಗ ತಿಳೀತು. ಅಕ್ಕಗ ಹೇಳಬೇಕಂತ ಊರಿಗೆ ಹೋದೆ. ಹೋದ್ರ ಆಕಿ ವಿಹಾರ ಸಾರಿಸ್ಕೋತ, ಬಂದ ಹುಡುಗರಿಗೆಲ್ಲ “ಬುದ್ಧಗಯಾದಿಂದ ನಿಮಗೇನು ತರಲಿ?” ಅಂತ ಕೇಳಾಕತ್ತಿದ್ಳು.

“ಬಂದ್ವು ಅಕ್ಕಾ. ಮೈಲು ಬಂದ್ವು” ಅಂದೆ ನಾ.

ಕಚೇರಿಗೆ ಹೋಗಿ ಗಳಿಕಿ ರಜಾ ಮಾರಿದೆ. ಸರ್ಕಾರಿ ನೌಕರರಿಗೆ ಅದೊಂದು ಅನುಕೂಲ, ತಗೊಳ್ಳದ ರಜಾ ಕೊಟ್ಟು ರೊಕ್ಕ ತಗೋಬಹುದು. ಆ ರೊಕ್ಕದಾಗ ಎರಡು ಟಿಕೆಟ್ ತಗದೆ, ಸಾದಾ ಮಂದಿ ತಗದಂಗ, ಪೂರಾ ರೇಟಿಗೆ. ಇದಾದ ಮ್ಯಾಲ ಆ ಏಜೆಂಟ್ ಮತ್ತ ಕಚೇರಿಗೆ ಬಂದ. “ಮೇಡಂ, ನಿಮ್ಮಕ್ಕಾರು ವಿಮಾನದಾಗ ಹೊಂಟಾರಂತಲ್ರಿ. ನೋಡ್ರಿ, ನಾ ಹೇಳಿದ್ದಿಲ್ಲೇನ್ರಿ?” ಅಂತ ಹಲ್ಲು ಕಿಸದ. ಆ ಟೇಬಲ್ ಮ್ಯಾಲ ಪೇಪರ್‌ವೇಟ್ ಇತ್ತು. ಕೈ ಅದರ ಮ್ಯಾಲ ಹೋಗಿತ್ತು, ದೇವರಾಣಿ. “ಹೌದಪ್ಪ” ಅಂದೆ.

ಯಾದಗಿರಿಯಿಂದ ಹೈದರಾಬಾದಿಗೆ ರೈಲಿನಾಗ ಮಲಗಿಸಿಕೊಂಡು ಹೋದೆ, ಅಲ್ಲಿಂದ ವಿಮಾನ. ಅಕ್ಕಗ ಅಂಜಿಕಿ ಏನೂ ಆಗಲಿಲ್ಲ. ಟಿಕೆಟ್ ನೋಡೋ ಹುಡುಗನ ಮುಂದ, ಬ್ಯಾಗ್ ತೂಗೋ ಹುಡುಗಿ ಮುಂದ, ಬಾಜೂಕ ಕುಂತ ಸೂಟಿನಾಂವನ ಮುಂದ, ಎಲ್ಲಾರ ಮುಂದೂ ಒಂದೇ ಮಾತು: “ನಂದು ಫುಕಟ್ ಅದ. ಬ್ಯಾಂಕಿನವ್ರು ಕೊಟ್ಟಾರ. ಮೊದಲ ಕೊಡಲ್ಲ ಅಂದಿದ್ರು, ನಾ ಮಾತಾಡಿದ ಮ್ಯಾಲ ಕೊಟ್ರು.” ಸೂಟಿನಾಂವಗ ಕನ್ನಡ ಬರ್ತಿದ್ದಿಲ್ಲ, ಆದ್ರೂ ಭೇಷ್ ಅಂದ. ವಿಮಾನದಾಗ ಚಹಾ ಮಾರ್ಕೋತ ಬಂದ್ರು. ಚಹಾದ ರೊಕ್ಕ ಅಕ್ಕ ತಾನೇ ಕೊಟ್ಳು, ನಂದೂ ಸೇರಿಸಿ. ನಾ ಕಿಸೆಕ್ಕ ಕೈ ಹಾಕಿದ್ರ ಕೈ ಮ್ಯಾಲ ಹೊಡದ್ಳು.

ಬುದ್ಧಗಯಾದಾಗ ಆ ದೊಡ್ಡ ಅರಳಿ ಮರದ ಬುಡಕ ಹೋಗಿ ಕುಂತಿವಿ. ಸೊಂಟ ಹಿಡದಿತ್ತು, ಆದ್ರೂ ಕಟ್ಟಿಗೆ ಆನಲಿಲ್ಲ, ನೆಟ್ಟಗ ಕುಂತಿದ್ಳು. ಗಂಜಿ ಹಾಕಿದ ಬಿಳಿ ಸೀರಿ, ತಲಿ ಮ್ಯಾಲ ಸೆರಗು. ಸುತ್ತ ಎಲ್ಲೆಲ್ಲಿಂದೋ ಬಂದ ಮಂದಿ ತಮ್ಮ ತಮ್ಮ ಭಾಷಾದಾಗ ಹೇಳಾಕತ್ತಿದ್ರು. ಎಲ್ಲಾ ಜೀವಕ್ಕೂ ಒಳ್ಳೇದಾಗಲಿ ಅಂತ ಹರಸೋದು ನಮ್ಮ ರೂಢಿ. ಒಬ್ಬರು ಹರಸಿದ್ರ ಬಾಜೂಕಿದ್ದವ್ರು ‘ಸಾಧು’ ಅನ್ನಬೇಕು. ಅಕ್ಕ ಕಣ್ಣು ಮುಚ್ಚಿ ತನ್ನ ಮಾತಿನಾಗೇ ಶುರು ಮಾಡಿದ್ಳು. ಊರವ್ರಿಗೆ ಒಳ್ಳೇದಾಗಲಿ ಅಂದ್ಳು, ಸಾಧು ಅಂದೆ. ನಿನ್ನ ಮಗಳ ಸಂಸಾರ ಛಲೋ ನಡೀಲಿ ಅಂದ್ಳು, ಸಾಧು ಅಂದೆ. ಆ ಫೋನಿನ ಹುಡುಗಿ ಒಮ್ಮೆ ವಿಮಾನದಾಗ ಕೂಡಲಿ ಅಂದ್ಳು. ಅದಕ್ಕೂ ಖುಷಿಲೆ ಸಾಧು ಅಂದೆ.

“ನನ್ನಂಥ ಬಡವಿಗೆ ಇಲ್ಲಿಗೆ ಕರ್ಕೊಂಡು ಬಂದಾರ, ಆ ಬ್ಯಾಂಕಿನವ್ರ ಮನಿ ತುಂಬಿರಲಿ, ಅವ್ರ ಮಕ್ಕಳು ಮರಿ ತಣ್ಣಗಿರಲಿ” ಅಂದ್ಳು.

ಹಲ್ಲು ಕಚ್ಚಿ, ಇದ್ದ ಸಿಟ್ಟೆಲ್ಲ ನುಂಗಿ, ತುಟಿ ಅಲುಗಿಸಿದೆ.

ಅಕ್ಕ ಕಣ್ಣು ತಗೀಲಿಲ್ಲ. ಮೊಳಕೈಲೆ ನನ್ನ ತಿವಿದ್ಳು.

“ಕೇಳವಲ್ತು. ಜೋರಾಗಿ ಅನ್ನು.”